ದಿನದ ಕ್ಯಾಲೊರಿಯಲ್ಲಿ ಕಾರ್ಬೋಹೈಡ್ರೇಟಿನ ಪಾಲೆಷ್ಟು? ಲೆಕ್ಕ ಹಾಕುವ ಬಗೆ

ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡಿದಾಗ ‘ಕಾರ್ಬೋಹೈಡ್ರೇಟ್ 28 ಗ್ರಾಂ, ಶೇ. 10’ ಎಂದು ಬರೆದಿದೆ ಅನ್ನಿ. ಇದರ ಕ್ಯಾಲೊರಿಯಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಕಾರ್ಬ್ ಎಂದುಕೊಂಡು ನೆಮ್ಮದಿಯಾಗುವವರು ಬಹಳ. ಆದರೆ ಆ ಶೇ. 10ಕ್ಕೂ ನಾವು ಹುಡುಕುತ್ತಿರುವ ಪಾಲಿಗೂ ಸಂಬಂಧವೇ ಇಲ್ಲ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ 275 ಗ್ರಾಂ ಕಾರ್ಬೋಹೈಡ್ರೇಟ್ ಎಂದು ಅಮೆರಿಕದ ಲೇಬಲ್ ನಿಯಮ ಇಟ್ಟುಕೊಂಡಿದೆ. 28 ಗ್ರಾಂ ಎಂದರೆ ಅದರಲ್ಲಿ ಶೇ. 10. ಐರೋಪ್ಯ ಒಕ್ಕೂಟದಲ್ಲಿ ಅದೇ ಅಳತೆಗೋಲು 260 ಗ್ರಾಂ, ಹಾಗಾಗಿ ಅಲ್ಲಿ ಅಷ್ಟೇ ಕಾರ್ಬ್ ಶೇ. 11 ಎಂದು ಕಾಣುತ್ತದೆ. ಅದೇ ಪೊಟ್ಟಣದಲ್ಲಿ ಕೊಬ್ಬು 8 ಗ್ರಾಂ, ಪ್ರೋಟೀನ್ 3 ಗ್ರಾಂ ಇದ್ದರೆ, ಆ ಬಿಸ್ಕತ್ತಿನ ಕ್ಯಾಲೊರಿಯಲ್ಲಿ ಕಾರ್ಬೋಹೈಡ್ರೇಟಿನ ನಿಜವಾದ ಪಾಲು ಶೇ. 57.

ಲೆಕ್ಕ ಕಷ್ಟದ್ದಲ್ಲ, ಕೂಡಿಸಿ ಗುಣಿಸಿ ಭಾಗಿಸಲು ಬಂದರೆ ಸಾಕು. ಜನ ಎಡವುವುದು ಛೇದದಲ್ಲಿ, ಅಂದರೆ ಯಾವುದರಿಂದ ಭಾಗಿಸಬೇಕು ಎಂಬಲ್ಲಿ. ಆದ್ದರಿಂದ ಈ ಲೇಖನದಲ್ಲಿ ಹೆಚ್ಚು ಜಾಗ ಅದಕ್ಕೇ.

ಮೊದಲು 4, 4, 9

ಒಂದು ಗ್ರಾಂ ಕಾರ್ಬೋಹೈಡ್ರೇಟಿಗೆ 4 ಕ್ಯಾಲೊರಿ, ಒಂದು ಗ್ರಾಂ ಪ್ರೋಟೀನಿಗೆ 4, ಒಂದು ಗ್ರಾಂ ಕೊಬ್ಬಿಗೆ 9. ಮದ್ಯದ ಅಭ್ಯಾಸವಿದ್ದರೆ ಆಲ್ಕೋಹಾಲಿನ ಗ್ರಾಂ ಒಂದಕ್ಕೆ 7. ಇಲ್ಲಿ ಕ್ಯಾಲೊರಿ ಎಂದಾಗಲೆಲ್ಲ ಕಿಲೋಕ್ಯಾಲೊರಿ ಎಂದೇ ಅರ್ಥ. ಆಹಾರದ ಮಾತಿನಲ್ಲಿ ‘ಕಿಲೋ’ ಬಿಟ್ಟು ಹೇಳುವುದು ಎಲ್ಲ ಕಡೆಯ ರೂಢಿ.

ಈ ಅಂಕಿಗಳ ಹಿಂದೆ ಇರುವವರು ವಿಲ್ಬರ್ ಆಟ್‌ವಾಟರ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ. 19ನೇ ಶತಮಾನದ ಕೊನೆಯಲ್ಲಿ ಅವರು ಆಹಾರವನ್ನು ಸುಟ್ಟಾಗ ಎಷ್ಟು ಶಾಖ ಹೊರಡುತ್ತದೆ ಎಂದು ಅಳೆದು, ಅದರಲ್ಲಿ ಮಲಮೂತ್ರದ ಮೂಲಕ ದೇಹ ಬಿಟ್ಟುಬಿಡುವ ಪಾಲನ್ನು ಕಳೆದರು. ಪ್ರೋಟೀನನ್ನು ಉಪಕರಣದಲ್ಲಿ ಸುಟ್ಟರೆ ಗ್ರಾಮಿಗೆ 5.6 ಕ್ಯಾಲೊರಿಯಷ್ಟು ಸಿಗುತ್ತದೆ. ದೇಹ ಅದನ್ನು ಪೂರ್ತಿ ಸುಡದೆ ಒಂದಷ್ಟನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಕಳೆದು ಉಳಿದದ್ದು ಸುಮಾರು 4. ಅಂದರೆ ಇವು ಸರಾಸರಿಗಳು, ತಿನ್ನುವ ಪ್ರತಿ ವಸ್ತುವಿಗೂ ಕರಾರುವಾಕ್ಕಾಗಿ ಹೊಂದುವ ನಿಯಮಗಳಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಲೇಬಲ್ ಕಿಲೋಜೂಲಿನಲ್ಲಿ ಇದ್ದರೆ 4.184ರಿಂದ ಭಾಗಿಸಿ. ಪೂರ್ತಿ ಲೆಕ್ಕವನ್ನೇ ಕಿಲೋಜೂಲಿನಲ್ಲಿ ಮಾಡುವುದಾದರೆ 4, 4, 9ರ ಬದಲು 17, 17, 37 ಹಾಕಿ. ಕೊನೆಗೆ ಬರುವ ಶೇಕಡಾ ಹೆಚ್ಚುಕಡಿಮೆ ಅದೇ.

ಸೂತ್ರ ಇಷ್ಟು: ಕಾರ್ಬೋಹೈಡ್ರೇಟಿನ ಗ್ರಾಂ × 4 ಮಾಡಿ, ಅದನ್ನು ಮೂರೂ ಪೋಷಕಾಂಶಗಳಿಂದ ಬಂದ ಒಟ್ಟು ಕ್ಯಾಲೊರಿಯಿಂದ ಭಾಗಿಸಿ, 100ರಿಂದ ಗುಣಿಸಿ.

ತೂಗುವುದು, ಬರೆಯುವುದು

ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಅರ್ಧ ಕೆಲಸ ಮುಗಿದಂತೆ. ಬಟ್ಟಲು, ಸೌಟು, ಚಮಚದ ಲೆಕ್ಕ ನಂಬಲು ಹೋಗಬೇಡಿ. ಒಬ್ಬರ ಬಟ್ಟಲು ಇನ್ನೊಬ್ಬರ ಬಟ್ಟಲಿನಂತಿರುವುದಿಲ್ಲ, ತುಂಬುವ ಕೈಯೂ ಒಂದೇ ಅಲ್ಲ. ತೂಗಿದ ಪ್ರತಿಯೊಂದರ ಮುಂದೆ ಮೂರು ಅಂಕಿ ಬರೆಯಿರಿ: ಕಾರ್ಬೋಹೈಡ್ರೇಟ್, ಪ್ರೋಟೀನ್, ಕೊಬ್ಬು. ಪೊಟ್ಟಣದಲ್ಲಿ ಬಂದದ್ದಾದರೆ ಲೇಬಲಿನಿಂದ, ಬಿಡಿಯಾಗಿ ಬಂದದ್ದಾದರೆ ಆಹಾರ ಸಂಯೋಜನೆಯ ಕೋಷ್ಟಕದಿಂದ. ಲೇಬಲಿನಲ್ಲಿ ‘100 ಗ್ರಾಮಿಗೆ’ ಮತ್ತು ‘ಒಂದು ಸರ್ವಿಂಗಿಗೆ’ ಎಂದು ಎರಡು ಕಂಬಗಳಿದ್ದರೆ ಮೊದಲನೆಯದನ್ನೇ ಹಿಡಿಯಿರಿ. ಸರ್ವಿಂಗ್ ಎಂದರೆ ಕಂಪನಿ ಹೇಳಿದಷ್ಟು, ನೀವು ತಿಂದಷ್ಟಲ್ಲ.

ಅತಿ ದೊಡ್ಡ ಹಳ್ಳ ಇರುವುದು ಹಸಿ–ಬೆಂದದ್ದರ ನಡುವೆ. 100 ಗ್ರಾಂ ಹಸಿ ಅಕ್ಕಿಯಲ್ಲಿ ಸುಮಾರು 80 ಗ್ರಾಂ ಕಾರ್ಬೋಹೈಡ್ರೇಟ್. ಅದೇ ಅನ್ನವಾದ ಮೇಲೆ 100 ಗ್ರಾಮಿನಲ್ಲಿ ಸುಮಾರು 28 ಮಾತ್ರ, ಮಿಕ್ಕಿದ್ದರಲ್ಲಿ ಹೆಚ್ಚಿನದು ನೀರು. 150 ಗ್ರಾಂ ಅಕ್ಕಿ ಬೆಂದು 430 ಗ್ರಾಂ ಅನ್ನವಾಯಿತು ಅನ್ನಿ. ಅನ್ನವನ್ನು ತೂಗಿ, ಅಕ್ಕಿಯ ಸಾಲಿನ ಅಂಕಿ ಹಾಕಿದರೆ 344 ಗ್ರಾಂ ಕಾರ್ಬ್ ಬರುತ್ತದೆ. ನಿಜವಾಗಿ ಇದ್ದದ್ದು 120. ಒಂದೇ ಏಟಿಗೆ 900 ಕ್ಯಾಲೊರಿಯ ಹತ್ತಿರ ಗಾಳಿಯಲ್ಲಿ ಹುಟ್ಟಿತು! ತದ್ವಿರುದ್ಧ ಮಾಡಿದರೆ, ಅಂದರೆ ಅಕ್ಕಿ ತೂಗಿ ಅನ್ನದ ಅಂಕಿ ಹಾಕಿದರೆ, 120ರ ಜಾಗದಲ್ಲಿ 42 ಬರುತ್ತದೆ. ಕೋಷ್ಟಕದಲ್ಲಿ ‘ಹಸಿ’, ‘ಬೇಯಿಸಿದ್ದು’ ಎಂಬ ಮಾತನ್ನು ಎರಡು ಸಲ ಓದಿ. ನನ್ನ ಮಟ್ಟಿಗೆ ಹಸಿಯಾಗಿ ತೂಗುವುದೇ ವಾಸಿ. ಬೇಯಿಸುವಾಗ ಯಾರು ಎಷ್ಟು ನೀರು ಹಾಕಿದರು ಎಂಬ ಗೊಡವೆ ಇರುವುದಿಲ್ಲ.

ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಅಡುಗೆಯಾದರೆ? ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಡಿ. ಹಾಕಿದ ಸಾಮಾನನ್ನೆಲ್ಲ ಹಸಿಯಾಗಿ ತೂಗಿ ಮೂರೂ ಅಂಕಿಗಳ ಒಟ್ಟು ತೆಗೆಯಿರಿ. ಅಡುಗೆ ಮುಗಿದ ಮೇಲೆ ಪಾತ್ರೆ ಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ. ಮಾಡಿದ್ದು 1200 ಗ್ರಾಂ ಆಗಿ ನಿಮ್ಮ ತಟ್ಟೆಗೆ ಬಂದದ್ದು 300 ಗ್ರಾಂ ಆದರೆ ಎಲ್ಲದರಲ್ಲೂ ಕಾಲು ಭಾಗ ನಿಮ್ಮದು.

ಎಣ್ಣೆಯನ್ನು ತೂಗುವ ಸುಲಭ ಉಪಾಯ: ಅಡುಗೆಗೆ ಮುಂಚೆ ಬಾಟಲಿಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಸುರಿದಾದ ಮೇಲೆ ಮತ್ತೆ ಇಡಿ. ಕಾಣುವ ಋಣ ಅಂಕಿಯೇ ಬಳಸಿದ ಎಣ್ಣೆ. ಬಾಣಲೆಗೆ ಕಣ್ಣಂದಾಜಿನಲ್ಲಿ ಹೊಯ್ದದ್ದನ್ನು ‘ಒಂದು ಚಮಚ’ ಎಂದು ಬರೆಯುವವರಿಗೆ ಈ ಋಣ ಅಂಕಿ ಸಾಮಾನ್ಯವಾಗಿ ಸಿಹಿಸುದ್ದಿಯಲ್ಲ.

ಒಂದು ದಿನದ ಲೆಕ್ಕ

ಒಬ್ಬರು ಒಂದು ದಿನ ತಿಂದದ್ದು ಇದು ಎಂದಿಟ್ಟುಕೊಳ್ಳೋಣ. ಅಂಕಿಗಳು ಕ್ರಮವಾಗಿ ಕಾರ್ಬೋಹೈಡ್ರೇಟ್, ಪ್ರೋಟೀನ್, ಕೊಬ್ಬು. ಎಲ್ಲ ಗ್ರಾಮಿನಲ್ಲಿ, ಹತ್ತಿರದ ಪೂರ್ಣಾಂಕಕ್ಕೆ.

ಅಕ್ಕಿ, ಹಸಿ, 150 ಗ್ರಾಂ: 120, 11, 1
ಇಡೀ ಗೋಧಿ ಹಿಟ್ಟು, 120 ಗ್ರಾಂ: 86, 16, 3
ಒಣ ಬೇಳೆ, 60 ಗ್ರಾಂ: 38, 15, 1
ಹಾಲು, 400 ಗ್ರಾಂ: 19, 13, 13
ಮೊಟ್ಟೆ, 2: 1, 13, 10
ಬಾಳೆಹಣ್ಣು, ಸಿಪ್ಪೆ ಬಿಟ್ಟು 100 ಗ್ರಾಂ: 23, 1, 0
ತರಕಾರಿ, 250 ಗ್ರಾಂ: 15, 4, 1
ಕಡಲೆಕಾಯಿ ಬೀಜ, 30 ಗ್ರಾಂ: 5, 8, 15
ಸಕ್ಕರೆ, 20 ಗ್ರಾಂ: 20, 0, 0
ಎಣ್ಣೆ, 30 ಗ್ರಾಂ: 0, 0, 30

ಒಟ್ಟು: ಕಾರ್ಬೋಹೈಡ್ರೇಟ್ 327, ಪ್ರೋಟೀನ್ 81, ಕೊಬ್ಬು 74.

ಈಗ ಗುಣಾಕಾರ. 327 × 4 = 1308. 81 × 4 = 324. 74 × 9 = 666. ಮೂರನ್ನೂ ಕೂಡಿಸಿದರೆ 2298 ಕ್ಯಾಲೊರಿ. 1308ನ್ನು 2298ರಿಂದ ಭಾಗಿಸಿ 100ರಿಂದ ಗುಣಿಸಿದರೆ 56.9, ಅಂದರೆ ಶೇ. 57. ಪ್ರೋಟೀನಿಗೆ 14, ಕೊಬ್ಬಿಗೆ 29. ಮೂರೂ ಸೇರಿ 100 ಆಗಲೇಬೇಕು. ಪೂರ್ಣಾಂಕ ಮಾಡುವಾಗ ಒಂದು ಅತ್ತಿತ್ತ ಆದರೆ ಪರವಾಗಿಲ್ಲ, 93 ಅಥವಾ 108 ಬಂದರೆ ಎಲ್ಲೋ ತಪ್ಪಿದೆ.

ಬೇಳೆಯ ಸಾಲನ್ನೊಮ್ಮೆ ನೋಡಿ. ‘ಬೇಳೆ ಎಂದರೆ ಪ್ರೋಟೀನ್’ ಎಂಬ ಮಾತು ಬಾಯಿಪಾಠವಾಗಿದೆ, ಆದರೆ ಅದರಲ್ಲಿ ಪ್ರೋಟೀನಿಗಿಂತ ಕಾರ್ಬೋಹೈಡ್ರೇಟ್ ಎರಡೂವರೆ ಪಟ್ಟು. ಹಾಲಿನಲ್ಲಿಯೂ ಪ್ರೋಟೀನಿಗಿಂತ ಲ್ಯಾಕ್ಟೋಸ್ ಸಕ್ಕರೆಯೇ ಹೆಚ್ಚು. ಪದಾರ್ಥಗಳನ್ನು ‘ಇದು ಕಾರ್ಬ್, ಇದು ಪ್ರೋಟೀನ್’ ಎಂದು ಮೊದಲೇ ವಿಂಗಡಿಸಿಕೊಂಡು ಲೆಕ್ಕಕ್ಕೆ ಕೂತರೆ ಉತ್ತರ ಸರಿ ಬರುವುದಿಲ್ಲ. ಪ್ರತಿ ಸಾಲಿಗೂ ಮೂರು ಅಂಕಿ ಎಂದದ್ದು ಇದಕ್ಕೇ.

ಛೇದ ತಪ್ಪಿದರೆ

ಅದೇ ದಿನ, ಅದೇ 327 ಗ್ರಾಂ. ಉತ್ತರ ಮಾತ್ರ ಹೇಗೆಲ್ಲ ಓಡಾಡುತ್ತದೆ ನೋಡಿ.

ಗ್ರಾಂಗಳನ್ನೇ ಭಾಗಿಸಿದರೆ, ಅಂದರೆ 327ನ್ನು ಮೂರರ ಒಟ್ಟು ತೂಕ 482ರಿಂದ ಭಾಗಿಸಿದರೆ, ಶೇ. 68 ಬರುತ್ತದೆ. ಇದು ತೂಕದ ಪಾಲು, ಕ್ಯಾಲೊರಿಯ ಪಾಲಲ್ಲ. ಕೊಬ್ಬು ಒಂದು ಗ್ರಾಮಿಗೆ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ ಕೊಡುವುದರಿಂದ, ತೂಕದ ಲೆಕ್ಕದಲ್ಲಿ ಅದು ಯಾವಾಗಲೂ ಚಿಕ್ಕದಾಗಿ ಕಾಣುತ್ತದೆ. ಕೆಲವು ಆ್ಯಪ್‌ಗಳು ತೋರಿಸುವ ದುಂಡನೆಯ ಬಣ್ಣದ ಚಿತ್ರ ಯಾವ ಬಗೆಯದು ಎಂದು ಪರೀಕ್ಷಿಸಲು ಖಾಲಿ ದಿನವೊಂದರಲ್ಲಿ 10 ಗ್ರಾಂ ಸಕ್ಕರೆ, 10 ಗ್ರಾಂ ಎಣ್ಣೆ ಮಾತ್ರ ನಮೂದಿಸಿ. 50–50 ತೋರಿಸಿದರೆ ತೂಕದ ಪಾಲು. ಸಕ್ಕರೆಗೆ 31, ಎಣ್ಣೆಗೆ 69 ತೋರಿಸಿದರೆ ಕ್ಯಾಲೊರಿಯ ಪಾಲು. ನಮಗೆ ಬೇಕಾದದ್ದು ಎರಡನೆಯದು.

ಎರಡನೆಯ ತಪ್ಪು, ತಿಂದದ್ದರ ಬದಲು ಗುರಿಯಿಂದ ಭಾಗಿಸುವುದು. ‘ನನ್ನ ದಿನದ ಮಿತಿ 2000’ ಎಂದು 1308ನ್ನು 2000ದಿಂದ ಭಾಗಿಸಿದರೆ ಶೇ. 65. ತಿಂದದ್ದು 2298 ಆಗಿರುವಾಗ ಈ 65ಕ್ಕೆ ಅರ್ಥವಿಲ್ಲ. ಕೈಗಡಿಯಾರ ಹೇಳುವ ‘ಇಂದು ಸುಟ್ಟ ಕ್ಯಾಲೊರಿ’ಯೂ ಇಲ್ಲಿ ಛೇದವಾಗಲಾರದು.

ಮೂರನೆಯದು ಮರೆವು. ಆ ದಿನದ 30 ಗ್ರಾಂ ಎಣ್ಣೆಯನ್ನು ಬರೆಯಲು ಮರೆತರೆ ಒಟ್ಟು 2028ಕ್ಕೆ ಇಳಿದು ಕಾರ್ಬಿನ ಪಾಲು 64.5ಕ್ಕೆ ಏರುತ್ತದೆ. ಇನ್ನೂ 30 ಗ್ರಾಂ ಎಣ್ಣೆ ಹೆಚ್ಚಿಗೆ ತಿಂದಿದ್ದರೆ ಒಟ್ಟು 2568 ಆಗಿ ಪಾಲು 51ಕ್ಕೆ ಇಳಿಯುತ್ತಿತ್ತು. ಎರಡೂ ಸಲ ಕಾರ್ಬೋಹೈಡ್ರೇಟ್ ಒಂದು ಗ್ರಾಮೂ ಬದಲಾಗಿಲ್ಲ. ‘ನಾನು ಕಾರ್ಬ್ ಕಡಿಮೆ ಮಾಡಿದ್ದೇನೆ, ಈಗ ಶೇ. 51’ ಎಂದು ಯಾರಾದರೂ ಹೇಳಿದರೆ, ಅವರು ಅನ್ನ ಕಡಿಮೆ ಮಾಡಿದರೋ ಎಣ್ಣೆ ಜಾಸ್ತಿ ಮಾಡಿದರೋ ಆ ಅಂಕಿಯಿಂದ ತಿಳಿಯುವುದಿಲ್ಲ. ಹಾಗಾಗಿ ಶೇಕಡಾವನ್ನು ಒಂಟಿಯಾಗಿ ಬರೆದಿಡಬೇಡಿ. ‘327 ಗ್ರಾಂ, 2298ರಲ್ಲಿ ಶೇ. 57’ ಎಂದು ಮೂರನ್ನೂ ಒಟ್ಟಿಗೆ ಬರೆಯಿರಿ. ಆರು ತಿಂಗಳ ಬಳಿಕ ಹಳೆಯ ಲೆಕ್ಕದ ಜೊತೆ ಹೋಲಿಸುವಾಗ ಉಪಯೋಗಕ್ಕೆ ಬರುವುದು ಈ ಸಾಲೇ.

ಮದ್ಯ ಕುಡಿದ ದಿನ ಅದನ್ನೂ ಛೇದಕ್ಕೆ ಸೇರಿಸಿ. ಶೇ. 12 ಆಲ್ಕೋಹಾಲ್ ಇರುವ 150 ಮಿಲಿಲೀಟರ್ ವೈನಿನಲ್ಲಿ ಸುಮಾರು 14 ಗ್ರಾಂ ಆಲ್ಕೋಹಾಲ್, ಅಂದರೆ 98 ಕ್ಯಾಲೊರಿ. ಇದು ಕಾರ್ಬೂ ಅಲ್ಲ, ಕೊಬ್ಬೂ ಅಲ್ಲ. ನಾಲ್ಕನೆಯ ಕಂಬ ಬೇಕು.

ನಾರಿನಂಶವನ್ನು ಏನು ಮಾಡುವುದು?

ಇಲ್ಲಿ ದೇಶದೇಶಕ್ಕೆ ಪದ್ಧತಿ ಬೇರೆ. ಅಮೆರಿಕದ ಲೇಬಲಿನ ‘ಒಟ್ಟು ಕಾರ್ಬೋಹೈಡ್ರೇಟ್’ ಅಂಕಿಯೊಳಗೆ ನಾರೂ ಸೇರಿದೆ. ಆ ಅಂಕಿಯನ್ನು ನೇರವಾಗಿ ಅಳೆಯುವುದೂ ಇಲ್ಲ. 100 ಗ್ರಾಮಿನಿಂದ ನೀರು, ಪ್ರೋಟೀನ್, ಕೊಬ್ಬು, ಬೂದಿ (ಸುಟ್ಟ ಮೇಲೆ ಉಳಿಯುವ ಖನಿಜಾಂಶ) ಇವನ್ನು ಕಳೆದು ಉಳಿದದ್ದನ್ನು ಕಾರ್ಬೋಹೈಡ್ರೇಟ್ ಎನ್ನುತ್ತಾರೆ. ಐರೋಪ್ಯ ಒಕ್ಕೂಟದ ಲೇಬಲಿನಲ್ಲಿ ನಾರು ಹೊರಗಿದೆ, ಬೇರೆ ಸಾಲಿನಲ್ಲಿ ಬರುತ್ತದೆ, ಅದಕ್ಕೆ ಗ್ರಾಮಿಗೆ 2 ಕ್ಯಾಲೊರಿ ಹಿಡಿಯುತ್ತಾರೆ. ಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಹುಳಿಸಿದಾಗ ದೇಹಕ್ಕೆ ಸಿಗುವ ಶಕ್ತಿ ಸರಾಸರಿ ಅಷ್ಟು.

ನಮ್ಮ ದಿನದ 327 ಗ್ರಾಮಿನಲ್ಲಿ 33 ಗ್ರಾಂ ನಾರು ಇತ್ತು ಎಂದುಕೊಳ್ಳಿ. ಅದನ್ನು ತೆಗೆದರೆ 294 ಗ್ರಾಂ, ಅದಕ್ಕೆ 1176 ಕ್ಯಾಲೊರಿ. ನಾರಿನಿಂದ 66. ಒಟ್ಟು 2232. ಜೀರ್ಣವಾಗುವ ಕಾರ್ಬೋಹೈಡ್ರೇಟಿನ ಪಾಲು ಈಗ ಶೇ. 53. ಅದೇ ತಟ್ಟೆ, ಅದೇ ಮನುಷ್ಯ. ಒಂದು ಪದ್ಧತಿಯಲ್ಲಿ 57, ಇನ್ನೊಂದರಲ್ಲಿ 53. ಯಾವುದು ಸರಿ ಎಂದು ಜಗಳವಾಡುವ ಅಗತ್ಯವಿಲ್ಲ. ಒಂದನ್ನು ಹಿಡಿದು ಎಲ್ಲ ಸಾಲಿಗೂ ಅದನ್ನೇ ಅನ್ವಯಿಸಿ. ಅರ್ಧ ಪದಾರ್ಥಗಳಿಗೆ ನಾರು ಸೇರಿದ ಅಂಕಿ, ಇನ್ನರ್ಧಕ್ಕೆ ಸೇರದ ಅಂಕಿ ಹಾಕಿದರೆ ಮಾತ್ರ ಲೆಕ್ಕ ಕೆಡುತ್ತದೆ. ಯಾವ ಪದ್ಧತಿಯದೆಂದು ಗೊತ್ತಾಗದಿದ್ದರೆ ಲೇಬಲಿನ ಮೂರು ಅಂಕಿಗಳಿಗೆ 4, 4, 9 ಹಾಕಿ ಅದೇ ಲೇಬಲಿನ ಕ್ಯಾಲೊರಿಯ ಜೊತೆ ಹೋಲಿಸಿ. ಬರೆದಿರುವ ಕ್ಯಾಲೊರಿ ನಿಮ್ಮದಕ್ಕಿಂತ ಹೆಚ್ಚಿದ್ದು, ಆ ವ್ಯತ್ಯಾಸ ನಾರಿನ ಗ್ರಾಮಿನ ಎರಡು ಪಟ್ಟಿನಷ್ಟಿದ್ದರೆ ನಾರನ್ನು ಹೊರಗಿಟ್ಟಿದ್ದಾರೆ ಎಂದು ಊಹಿಸಬಹುದು.

ಕ್ಯಾಲೊರಿ ಹೊಂದುತ್ತಿಲ್ಲವಲ್ಲ!

ಹೊಂದದಿರುವುದೇ ಹೆಚ್ಚು. 100 ಗ್ರಾಂ ಬಾಳೆಹಣ್ಣಿಗೆ ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕ 89 ಕ್ಯಾಲೊರಿ ಎನ್ನುತ್ತದೆ. ಅದೇ ಕೋಷ್ಟಕದ 22.8 ಗ್ರಾಂ ಕಾರ್ಬ್, 1.1 ಗ್ರಾಂ ಪ್ರೋಟೀನ್, 0.3 ಗ್ರಾಂ ಕೊಬ್ಬಿಗೆ 4, 4, 9 ಹಾಕಿದರೆ 98. ಕೋಷ್ಟಕ ತಪ್ಪಿಲ್ಲ. ಹಣ್ಣಿನ ಕಾರ್ಬೋಹೈಡ್ರೇಟಿಗೆ ಅವರು 4ರ ಬದಲು 3.6 ಬಳಸಿದ್ದಾರೆ. ಮೊದಲೇ ಹೇಳಿದೆನಲ್ಲ, 4 ಎಂಬುದು ಸರಾಸರಿ. ಎಣ್ಣೆಗೂ 9ರ ಬದಲು 8.84 ಹಾಕಿರುವುದರಿಂದ 100 ಗ್ರಾಂ ಎಣ್ಣೆಗೆ 900 ಇರದೆ 884 ಕಾಣುತ್ತದೆ. ಇದರ ಮೇಲೆ ಲೇಬಲಿನವರು ಅಂಕಿಗಳನ್ನು ದುಂಡಾಗಿಸುತ್ತಾರೆ. ಅಮೆರಿಕದಲ್ಲಿ ಸರ್ವಿಂಗಿಗೆ 5 ಕ್ಯಾಲೊರಿಗಿಂತ ಕಡಿಮೆ ಇದ್ದರೆ ಸೊನ್ನೆ ಎಂದೇ ಬರೆಯಲು ಅನುಮತಿ ಇದೆ. ಸಕ್ಕರೆರಹಿತ ಮಿಠಾಯಿಗಳಿಗೆ ಸಿಹಿಗಾಗಿ ಹಾಕುವ ಶುಗರ್ ಆಲ್ಕೋಹಾಲುಗಳಿಗೂ (ಇವು ಮದ್ಯದ ಆಲ್ಕೋಹಾಲ್ ಅಲ್ಲ) 4 ಅನ್ವಯಿಸುವುದಿಲ್ಲ, ಅವು ಕೊಡುವ ಶಕ್ತಿ ಕಡಿಮೆ.

ನನ್ನ ಸಲಹೆ, ಮುದ್ರಿತ ಕ್ಯಾಲೊರಿಯನ್ನು ಪಕ್ಕಕ್ಕಿಟ್ಟು ಗ್ರಾಂಗಳಿಂದ ನೀವೇ ಒಟ್ಟು ತೆಗೆಯಿರಿ. ಮೇಲಿನ ಅಂಶಕ್ಕೆ ಒಂದು ಪದ್ಧತಿ, ಕೆಳಗಿನ ಛೇದಕ್ಕೆ ಇನ್ನೊಂದು ಎಂದಾದರೆ ಬಾಳೆಹಣ್ಣಿನ ಕ್ಯಾಲೊರಿಯಲ್ಲಿ ಕಾರ್ಬಿನ ಪಾಲು ಶೇ. 102 ಎಂಬ ತಮಾಷೆ ಹುಟ್ಟುತ್ತದೆ.

ಒಂದೇ ದಿನ ಸಾಲದು

ಕೆಲಸದ ದಿನ ಎರಡು, ರಜಾದಿನ ಒಂದು, ಕನಿಷ್ಠ ಇಷ್ಟಾದರೂ ಬರೆಯಿರಿ. ಸರಾಸರಿ ತೆಗೆಯುವಾಗ ಶೇಕಡಾಗಳನ್ನು ಕೂಡಿಸಬೇಡಿ. ಒಂದು ದಿನ 1600 ಕ್ಯಾಲೊರಿಯಲ್ಲಿ 200 ಗ್ರಾಂ ಕಾರ್ಬ್, ಪಾಲು 50. ಇನ್ನೊಂದು ದಿನ 2600ರಲ್ಲಿ 455 ಗ್ರಾಂ, ಪಾಲು 70. ಸರಾಸರಿ 60 ಎನ್ನುವಂತಿಲ್ಲ. ಎರಡೂ ದಿನದ ಕಾರ್ಬ್ ಕ್ಯಾಲೊರಿ 2620, ಒಟ್ಟು 4200, ಭಾಗಿಸಿದರೆ 62.4. ಹೆಚ್ಚು ತಿಂದ ದಿನಕ್ಕೆ ಹೆಚ್ಚು ತೂಕ ಸಿಗಬೇಕು.

ಬಂದ ಅಂಕಿಯನ್ನು ಯಾವುದಕ್ಕೆ ಹೋಲಿಸಬೇಕು?

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವಯಸ್ಕರಿಗೆ ಕೊಟ್ಟ ವ್ಯಾಪ್ತಿ ಶೇ. 45ರಿಂದ 65. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ 45ರಿಂದ 60 ಎಂದಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ 2003ರ ವರದಿಯಲ್ಲಿ 55ರಿಂದ 75 ಇತ್ತು. ಇಷ್ಟು ಅಗಲದ ವ್ಯಾಪ್ತಿಗಳನ್ನು ಮುಂದಿಟ್ಟುಕೊಂಡು 56 ಒಳ್ಳೆಯದೋ 58 ಒಳ್ಳೆಯದೋ ಎಂದು ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ತಕ್ಕಡಿ, ಕೋಷ್ಟಕ, ನಾರಿನ ಪದ್ಧತಿ ಎಲ್ಲ ಸೇರಿ ನಮ್ಮ ಉತ್ತರದಲ್ಲೇ ನಾಲ್ಕೈದು ಅಂಕದ ಅಲುಗಾಟ ಇದ್ದೇ ಇರುತ್ತದೆ.

ಇನ್ನೊಂದು ಪಾಲನ್ನೂ ಲೆಕ್ಕಕ್ಕೆ ಕೂತಾಗಲೇ ತೆಗೆದುಬಿಡಿ, ನನ್ನ ಕಣ್ಣಿಗೆ ಅದು ಹೆಚ್ಚು ಕೆಲಸಕ್ಕೆ ಬರುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ ಮೇಲಿನಿಂದ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸ ಇವುಗಳ ಸಕ್ಕರೆ ದಿನದ ಶಕ್ತಿಯಲ್ಲಿ ಶೇ. 10ಕ್ಕಿಂತ ಕಡಿಮೆ ಇರಬೇಕು, ಸಾಧ್ಯವಾದರೆ ಶೇ. 5ಕ್ಕಿಂತಲೂ ಕಡಿಮೆ. ನಮ್ಮ ಉದಾಹರಣೆಯಲ್ಲಿ 20 ಗ್ರಾಂ ಸಕ್ಕರೆ, 80 ಕ್ಯಾಲೊರಿ, ಪಾಲು ಶೇ. 3.5. ಹಾಲಿನ ಲ್ಯಾಕ್ಟೋಸ್, ಇಡಿಯಾಗಿ ತಿಂದ ಹಣ್ಣಿನ ಸಕ್ಕರೆ ಇದರಲ್ಲಿ ಸೇರುವುದಿಲ್ಲ. 2023ರ ಮಾರ್ಗಸೂಚಿಯಲ್ಲಿ ಅದೇ ಸಂಸ್ಥೆ ಕಾರ್ಬೋಹೈಡ್ರೇಟಿನ ಗುಣಮಟ್ಟಕ್ಕೆ ಒತ್ತು ಕೊಟ್ಟು, ಅದು ಮುಖ್ಯವಾಗಿ ಇಡೀ ಧಾನ್ಯ, ತರಕಾರಿ, ಹಣ್ಣು, ಬೇಳೆಕಾಳುಗಳಿಂದ ಬರಲಿ, ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಸಿಗಲಿ ಎಂದಿದೆ. ಶೇ. 57 ಎಂಬ ಅಂಕಿ ಬೇಳೆ–ತರಕಾರಿಯಿಂದಲೂ ಬರಬಹುದು, ಬಿಸ್ಕತ್ತಿನಿಂದಲೂ ಬರಬಹುದು. ಮೊದಲ ಸಾಲಿನ ಬಿಸ್ಕತ್ತಿನ ಪಾಲೂ 57 ಎಂಬುದನ್ನು ಗಮನಿಸಿರಬಹುದು.

ಶೇಕಡಾದಿಂದ ಗ್ರಾಮಿಗೆ

ವೈದ್ಯರೋ ಆಹಾರ ತಜ್ಞರೋ ‘ಕಾರ್ಬ್ ಶೇ. 50 ಇರಲಿ’ ಎಂದರೆ ಲೆಕ್ಕ ಹಿಂದಿನಿಂದ ಮುಂದಕ್ಕೆ: ಒಟ್ಟು ಕ್ಯಾಲೊರಿಯನ್ನು ಶೇಕಡಾದಿಂದ ಗುಣಿಸಿ 400ರಿಂದ ಭಾಗಿಸಿ. 2000 × 50 ÷ 400 = 250 ಗ್ರಾಂ. 1600 ಆದರೆ 200 ಗ್ರಾಂ. ಅದನ್ನು ಊಟಗಳಿಗೆ ಹಂಚಿಕೊಂಡರೆ ತಟ್ಟೆಯಲ್ಲಿ ಏನಿಡಬೇಕೆಂದು ತಿಳಿಯುತ್ತದೆ. ಆಗ ನಾರು ಸೇರಿಸಿ ಹೇಳಿದರೋ ಬಿಟ್ಟು ಹೇಳಿದರೋ ಎಂದು ಅವರನ್ನೇ ಕೇಳಿಬಿಡಿ.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ದಿನದ ಶೇಕಡಾ ಅಷ್ಟು ಮುಖ್ಯವಲ್ಲ. ಊಟದ ಹೊತ್ತಿನ ಡೋಸನ್ನು ಆ ಒಂದು ಊಟದ ಕಾರ್ಬ್ ಗ್ರಾಂ ನೋಡಿ ಹೊಂದಿಸುತ್ತಾರೆ, ಎಣ್ಣೆ ಹೆಚ್ಚಾಗಿ ಶೇಕಡಾ ಇಳಿದರೂ ಗ್ರಾಂ ಇಳಿದಿರುವುದಿಲ್ಲ. ಅಂಥವರು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ಈ ಲೆಕ್ಕವನ್ನು ಬರೆದುಕೊಂಡು ವೈದ್ಯರ ಬಳಿ ಒಯ್ಯಲಿ. ಅದನ್ನು ನೋಡಿ ತಟ್ಟೆಯಲ್ಲಿ ಏನು ಬದಲಿಸಬೇಕೆಂದು ಅವರು ಹೇಳಲಿ.